ಡಾ. ಇಯಾನ್ ಡೊನಾಲ್ಡ್: ಒಡಲೊಳಗಿನ ಪ್ರತಿಧ್ವನಿ ಕೇಳಿದ ವೈದ್ಯ

ಮನೆಯ ಹೆಣ್ಣುಮಕ್ಕಳನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದವರಿಗೆಲ್ಲ ಸ್ಕ್ಯಾನಿಂಗ್ ಗೊತ್ತು. ಅದನ್ನು ಹೆರಿಗೆ ವಾರ್ಡಿಗೆ ತಂದ ಡಾ. ಇಯಾನ್ ಡೊನಾಲ್ಡ್ ವೈದ್ಯಲೋಕದಲ್ಲಿ ಪ್ರಸಿದ್ಧರು. ನಮ್ಮೂರಿನ ಮಕ್ಕಳೂ ತಿಳಿಯಬೇಕಾದ ಹೆಸರು.

ಅವರು ಹುಟ್ಟಿದ್ದು 1910ರಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ. ಸ್ಕಾಟ್ಲೆಂಡ್ ಮೂಲದ ವೈದ್ಯರ ಮನೆತನ. ಕುಟುಂಬ ದಕ್ಷಿಣ ಆಫ್ರಿಕಕ್ಕೆ ಹೋಯಿತು. ಅಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಡೊನಾಲ್ಡ್ ಲಂಡನ್ನಿಗೆ ಮರಳಿ 1937ರಲ್ಲಿ ವೈದ್ಯ ಪದವಿ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯ ವೈದ್ಯರಾಗಿದ್ದಾಗ, ಉರಿಯುತ್ತಿದ್ದ ವಿಮಾನದಿಂದ ಸೈನಿಕರನ್ನು ಹೊರಗೆಳೆದ ಸಾಹಸಕ್ಕೆ ಗೌರವ ಸಂದಿತು. ನೀರಿನಾಳದ ಜಲಾಂತರ್ಗಾಮಿಯನ್ನು ಶಬ್ದದ ಪ್ರತಿಧ್ವನಿಯಿಂದ ಪತ್ತೆ ಹಚ್ಚುವ ವಿದ್ಯೆ ಅವರ ಮನಸ್ಸಿಗೆ ಹತ್ತಿದ್ದೂ ಆಗಲೇ.

1954ರಲ್ಲಿ ಗ್ಲಾಸ್ಗೋದಲ್ಲಿ ಪ್ರಸೂತಿ ಪ್ರಾಧ್ಯಾಪಕರಾದರು. ಅವರ ರೋಗಿಯೊಬ್ಬರ ಪತಿ ಬಾಯ್ಲರ್ ತಯಾರಿಸುವ ಕಾರ್ಖಾನೆಯ ನಿರ್ದೇಶಕರು. ಉಕ್ಕಿನ ಬೆಸುಗೆಯೊಳಗೆ ಬಿರುಕಿದೆಯೇ ಎಂದು ನೋಡಲು ಅಲ್ಲೊಂದು ಶ್ರವಣಾತೀತ ಶಬ್ದದ ಯಂತ್ರವಿತ್ತು. ನಾವು ಮಡಕೆ ಕೊಳ್ಳುವಾಗ ತಟ್ಟಿ ನೋಡುವುದಿಲ್ಲವೇ, ಹೆಚ್ಚುಕಡಿಮೆ ಅದೇ ಲೆಕ್ಕ. 1955ರ ಜುಲೈ 21ರಂದು ಡೊನಾಲ್ಡ್, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನು ಎರಡು ಕಾರುಗಳಲ್ಲಿ ತುಂಬಿಕೊಂಡು ಅಲ್ಲಿಗೇ ಹೋದರು. ಹೋಲಿಸಿ ನೋಡಲು ಕಾರ್ಖಾನೆಯವರು ಒಂದು ಮಾಂಸದ ತುಂಡನ್ನೂ ತರಿಸಿಟ್ಟಿದ್ದರು. ನೀರು ತುಂಬಿದ ಗಡ್ಡೆಯ ಪ್ರತಿಧ್ವನಿ ಬೇರೆ, ಗಟ್ಟಿ ಗಡ್ಡೆಯದು ಬೇರೆ ಎಂಬುದು ಅಂದು ಕಣ್ಣಿಗೇ ಕಂಡಿತು.

ಟಾಮ್ ಬ್ರೌನ್ ಎಂಬ ಯುವ ಎಂಜಿನಿಯರ್ ತಾವಾಗಿಯೇ ಫೋನ್ ಮಾಡಿ ಜೊತೆಗೂಡಿದರು. ಬ್ರೌನ್ ಇಲ್ಲದೆ ಈ ಕಥೆಯೇ ಇಲ್ಲ. ಆದರೂ ಅನೇಕ ವೈದ್ಯರಿಗೆ ನಂಬಿಕೆಯಿರಲಿಲ್ಲ. ಆ ಹೊತ್ತಿನಲ್ಲಿ, ಹೊಟ್ಟೆ ಊದಿಕೊಂಡ ಮಹಿಳೆಯೊಬ್ಬರಿಗೆ ಜಠರದ ಕ್ಯಾನ್ಸರ್, ಇನ್ನು ಮಾಡುವಂಥದ್ದೇನಿಲ್ಲ ಎಂದು ತೀರ್ಮಾನವಾಗಿತ್ತು. ಡೊನಾಲ್ಡ್ ಯಂತ್ರವಿಟ್ಟು ನೋಡಿದರೆ ಅಂಡಾಶಯದ ದೊಡ್ಡ ನೀರುಗಡ್ಡೆ! ತೆಗೆದರು, ಆಕೆ ಬದುಕಿದರು. 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಡೊನಾಲ್ಡ್, ಮ್ಯಾಕ್‌ವಿಕಾರ್, ಬ್ರೌನ್ ಮೂವರ ಲೇಖನ ಪ್ರಕಟವಾಯಿತು. ಹೊಟ್ಟೆ ಕೊಯ್ಯದೆ ಒಳಗನ್ನು ಕಾಣುವ ದಾರಿ ತೆರೆಯಿತು.

ಸ್ವತಃ ಹೃದ್ರೋಗಿಯಾಗಿದ್ದ ಅವರು ಹಲವು ಶಸ್ತ್ರಚಿಕಿತ್ಸೆಗಳ ನಡುವೆಯೂ ದುಡಿದು, 1976ರಲ್ಲಿ ನಿವೃತ್ತರಾಗಿ, 1987ರ ಜೂನ್ 19ರಂದು ತೀರಿಕೊಂಡರು.

ರೋಗಿಯ ಹಾಸಿಗೆಯ ಮೇಲೆ ಚೌಕಟ್ಟು ಕಟ್ಟಿ ನಿಲ್ಲಿಸಬೇಕಿದ್ದ ಯಂತ್ರ ಇಂದು ಅಂಗೈಗೆ ಇಳಿದಿದೆ. ಫೋನಿಗೆ ಜೋಡಿಸಿ, ಅಪಘಾತವಾದವನ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇ, ಹೃದಯದ ಸುತ್ತ ನೀರು ತುಂಬಿದೆಯೇ ಎಂದು ಮಂಚದ ಬಳಿಯೇ ನಿಮಿಷಗಳಲ್ಲಿ ನೋಡಬಹುದು. ನುರಿತ ಕೈ ಬೇಕು, ಅಷ್ಟೆ.

ಹುಟ್ಟದ ಮಗುವೂ ತಮ್ಮ ರೋಗಿಯೇ ಎಂದು ನಂಬಿ ಗರ್ಭಪಾತವನ್ನು ಬಲವಾಗಿ ವಿರೋಧಿಸಿದವರು ಡೊನಾಲ್ಡ್. ಅವರ ಯಂತ್ರವೇ ನಮ್ಮ ನಾಡಿನಲ್ಲಿ ಹೆಣ್ಣುಭ್ರೂಣದ ಬೇಟೆಗೂ ಬಳಕೆಯಾಯಿತು. 1994ರಲ್ಲಿ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ ಬಂತು. ಆದರೂ 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಕದ್ದು ಸ್ಕ್ಯಾನಿಂಗ್ ನಡೆಸುತ್ತಿದ್ದ ಜಾಲ ಬಯಲಾಯಿತು. ಅದಕ್ಕೇ ಅಂಗೈಯಗಲದ ಯಂತ್ರಕ್ಕೂ ನಮ್ಮಲ್ಲಿ ನೋಂದಣಿ ಕಡ್ಡಾಯ. ಜೇಬಿನಲ್ಲಿಟ್ಟುಕೊಂಡು ಮನೆಮನೆಗೆ ಒಯ್ಯುವಂತಿಲ್ಲ.