ಸಂಘಜೀವಿ ಅಮಿಲ್ಕಾರ್ ಕಬ್ರಾಲ್

ಗೋವೆಯಲ್ಲಿ ಪೋರ್ತುಗೀಸರ ಆಳ್ವಿಕೆಯು ೧೯೬೧ರ ಡಿಸೆಂಬರಿನಲ್ಲಿ ಕೊನೆಗೊಂಡಿತೆಂಬುದನ್ನು ಇಲ್ಲಿ ನೆಲೆಸಿದ ಕನ್ನಡಿಗರೆಲ್ಲರೂ ಬಲ್ಲರು. ಆಫ್ರಿಕದ ಪಶ್ಚಿಮ ತೀರದ ಗಿನಿ-ಬಿಸ್ಸಾವು ನಾಡಾದರೋ ಅದೇ ನೊಗವನ್ನು ೧೯೭೪ರವರೆಗೆ ಹೊರಬೇಕಾಯಿತು. ಆ ನಾಡಿನ ಬಿಡುಗಡೆಗೆ ಪ್ರಾಣವನ್ನೇ ತೆತ್ತ ಅಮಿಲ್ಕಾರ್ ಕಬ್ರಾಲರ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಲು ಇಲ್ಲಿ ಉದ್ಯುಕ್ತರಾಗಿದ್ದೇವೆ.

ಕಬ್ರಾಲರು ೧೯೨೪ನೆಯ ಇಸವಿ ಸೆಪ್ಟೆಂಬರ್ ೧೨ರಂದು ಗಿನಿಯ ಬಫಾಟಾ ಪಟ್ಟಣದಲ್ಲಿ ಜನಿಸಿದರು. ತಂದೆತಾಯಿಗಳು ಕೇಪ್ ವರ್ಡ್ ದ್ವೀಪಗಳವರು. ಪ್ರೌಢವಿದ್ಯಾಭ್ಯಾಸವೂ ಆ ದ್ವೀಪಗಳಲ್ಲಿಯೇ ನಡೆಯಿತು. ೧೯೪೦ರ ದಶಕದಲ್ಲಿ ಮಳೆಯಿಲ್ಲದೆ ಅಲ್ಲಿ ಸಹಸ್ರಾರು ಮಂದಿ ಹಸಿವಿನಿಂದ ಮಡಿದರು. ಆ ಕ್ಷಾಮವನ್ನು ಕಂಡ ತರುಣನು ಕೃಷಿಶಾಸ್ತ್ರವನ್ನು ಆರಿಸಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ೧೯೪೫ರಲ್ಲಿ ವಿದ್ಯಾರ್ಥಿವೇತನ ಪಡೆದು ಲಿಸ್ಬನ್ ನಗರಕ್ಕೆ ತೆರಳಿದರು.

ಆ ನಗರದಲ್ಲಿ ಸಾಮ್ರಾಜ್ಯ ವಿದ್ಯಾರ್ಥಿಗೃಹವೆಂಬ ಸಂಸ್ಥೆಯಿತ್ತು. ಅಂಗೋಲ, ಮೊಜಾಂಬಿಕ್, ಕೇಪ್ ವರ್ಡ್ ಮಾತ್ರವಲ್ಲದೆ ಭಾರತದ ಪೋರ್ತುಗೀಸ್ ವಸಾಹತುಗಳ ವಿದ್ಯಾರ್ಥಿಗಳಿಗೂ ಅಲ್ಲಿ ಎಡೆಯಿತ್ತು. ಎಲ್ಲರನ್ನೂ ಒಂದೇ ಸೂರಿನಡಿ ಇರಿಸಿದರೆ ಹತೋಟಿ ಸುಲಭವೆಂದೆಣಿಸಿ ಸರ್ಕಾರವು ೧೯೪೪ರಲ್ಲಿ ಅದಕ್ಕೆ ಆಶ್ರಯವಿತ್ತಿತ್ತು. ಎಣಿಕೆ ತಲೆಕೆಳಗಾಯಿತು! ಊಟಕ್ಕೂ ಆಟಕ್ಕೂ ಕೂಡಿದ ತರುಣರು ತಮ್ಮ ತಮ್ಮ ನಾಡುಗಳ ಸಂಕಟ ಒಂದೇ ಬಗೆಯದೆಂದು ಅರಿತರು. ಮುಂದೆ ಅಂಗೋಲದ ಪ್ರಥಮ ರಾಷ್ಟ್ರಾಧ್ಯಕ್ಷರಾದ ಆಗೊಸ್ಟಿನೊ ನೇಟೊ ಅವರು ಕಬ್ರಾಲರ ಅಂದಿನ ಒಡನಾಡಿ. ೧೯೬೫ರಲ್ಲಿ ಪೊಲೀಸರು ಆ ಗೃಹವನ್ನೇ ಮುಚ್ಚಿಸಿದರು.

೧೯೫೨ರಲ್ಲಿ ಗಿನಿಗೆ ಮರಳಿದ ಕಬ್ರಾಲರು ಸರ್ಕಾರದ ಕೃಷಿತಜ್ಞರಾಗಿ, ಬೇಸಾಯದ ಗಣತಿಗಾಗಿ ಹಳ್ಳಿಹಳ್ಳಿಗಳನ್ನು ಸುತ್ತಿದರು. ೧೯೫೪ರಲ್ಲಿ ಗೆಳೆಯರೊಡಗೂಡಿ ಬಿಸ್ಸಾವು ನಗರದಲ್ಲಿ ಕ್ರೀಡಾ ವಿನೋದ ಸಂಘವೊಂದನ್ನು ಸ್ಥಾಪಿಸಲು ಅನುಮತಿ ಬೇಡಿದರು. ಅಂದಿನ ಕಾನೂನಿನಂತೆ ಕರಿಯರಲ್ಲಿ ಬಹುಪಾಲು ಮಂದಿ ಪೌರತ್ವವಿಲ್ಲದ ದೇಶೀಯರೆನಿಸಿದ್ದರು. ಗುರುತಿನ ಚೀಟಿಯೂ ಅವರಿಗಿರಲಿಲ್ಲ. ಅಂಥವರ ಸಹಿಗಳೇ ಅರ್ಜಿಯಲ್ಲಿದ್ದುದರಿಂದ ಅದು ತಿರಸ್ಕೃತವಾಯಿತು. ಚೆಂಡಾಡುವುದಕ್ಕೂ ಪೌರತ್ವ ಬೇಕಾದ ರಾಜ್ಯವದು! ಕಬ್ರಾಲರ ಬಾಳು ಬೇರೆ ದಾರಿ ಹಿಡಿದುದು ಇಲ್ಲಿಯೇ ಎಂದು ನಮಗೆ ತೋರುತ್ತದೆ. ಬಹಿರಂಗ ಸಂಘಕ್ಕೆ ಎಡೆಯಿಲ್ಲದಾಗ ೧೯೫೬ರಲ್ಲಿ ಗುಪ್ತವಾಗಿ ಪಕ್ಷವೊಂದು ಹುಟ್ಟಿತು. ೧೯೫೯ರ ಆಗಸ್ಟ್ ೩ರಂದು ಬಿಸ್ಸಾವು ಬಂದರಿನಲ್ಲಿ ಮುಷ್ಕರ ಹೂಡಿದ ಕೂಲಿಗಳ ಮೇಲೆ ಗುಂಡಿನ ಮಳೆಗರೆಯಲಾಯಿತು. ೧೯೬೩ರಲ್ಲಿ ಯುದ್ಧ ಮೊದಲಾಯಿತು.

ಕಬ್ರಾಲರು ಗೆಲುವನ್ನು ಕಾಣಲಿಲ್ಲ. ೧೯೭೩ರ ಜನವರಿ ೨೦ರಂದು ನೆರೆಯ ದೇಶದ ಕೊನಾಕ್ರಿ ನಗರದಲ್ಲಿ ಸ್ವಪಕ್ಷದವರೇ ಅವರನ್ನು ಕೊಂದರು. ಅದೇ ವರ್ಷದ ಸೆಪ್ಟೆಂಬರ್ ೨೪ರಂದು ಗಿನಿ-ಬಿಸ್ಸಾವು ಸ್ವಾತಂತ್ರ್ಯವನ್ನು ಘೋಷಿಸಿತು. ಪೋರ್ತುಗಲ್ ಅದನ್ನು ಮರುವರ್ಷ ಒಪ್ಪಿತು. ಒಂದು ಕಾಲಕ್ಕೆ ಆಟದ ಸಂಘಕ್ಕೂ ಅನುಮತಿ ದೊರೆಯದ ಆ ಬಿಸ್ಸಾವು ನಗರದಲ್ಲಿಯೇ ೧೯೭೯ರಲ್ಲಿ ಪಶ್ಚಿಮ ಆಫ್ರಿಕದ ರಾಷ್ಟ್ರಗಳ ತಂಡಗಳು ಸೇರಿ ಫುಟ್‌ಬಾಲ್ ಪಂದ್ಯಾವಳಿಯನ್ನಾಡಿದವು. ಅದಕ್ಕಿಟ್ಟ ಹೆಸರು ಅಮಿಲ್ಕಾರ್ ಕಬ್ರಾಲ್ ಕಪ್.