ಹಡಗುಗಳ ಲಾರ್ಡ್ ಮತ್ತು ತೆರಿಗೆಯ ಪ್ರಾವಿಷನ್

ನಮ್ಮ ಪ್ರಥಮ ಪಿಯುಸಿ ಅಕೌಂಟೆನ್ಸಿಯಲ್ಲಿ ಪ್ರಾವಿಷನ್ ಮತ್ತು ರಿಸರ್ವ್ ಬಗ್ಗೆ ಪಾಠವಿದೆ. ಅದರಲ್ಲಿ ಸೀಕ್ರೆಟ್ ರಿಸರ್ವ್ ಕುರಿತು ಕೆಲವೇ ಸಾಲುಗಳು. ಪರೀಕ್ಷೆಗೆಂದು ಅವನ್ನು ಬಾಯಿಪಾಠ ಮಾಡಿದ್ದೆ. ಅದೇ ವಿಷಯಕ್ಕೆ ಸಂಬಂಧಿಸಿದ ಕೇಸಿನಲ್ಲಿ ಒಬ್ಬ ಲಾರ್ಡ್ ಜೈಲಿಗೆ ಹೋಗಿದ್ದರು ಎಂಬುದು ಆಮೇಲೆ ತಿಳಿಯಿತು.

ಅವರು ಓವನ್ ಫಿಲಿಪ್ಸ್. 1863ರಲ್ಲಿ ಇಂಗ್ಲೆಂಡಿನ ವಾರ್ಮಿನ್‌ಸ್ಟರ್‌ನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಹರೆಯದಲ್ಲೇ ನ್ಯೂಕ್ಯಾಸಲ್‌ನ ಹಡಗು ಕಂಪನಿಯಲ್ಲಿ ಕೆಲಸ ಕಲಿತು, ಮುಂದೆ ಅಣ್ಣನ ಜೊತೆ ಸೇರಿ ಸ್ವಂತ ಹಡಗು ಇಳಿಸಿದರು. ನಲವತ್ತರ ವಯಸ್ಸಿಗೆ ರಾಯಲ್ ಮೇಲ್ ಹಡಗು ಕಂಪನಿಯ ಚೇರ್ಮನ್. 1912ರಲ್ಲಿ ಯೂನಿಯನ್ ಕ್ಯಾಸಲ್ ಕಂಪನಿ, 1927ರಲ್ಲಿ ಟೈಟಾನಿಕ್ ಖ್ಯಾತಿಯ ವೈಟ್ ಸ್ಟಾರ್ ಕಂಪನಿ ಅವರ ಗುಂಪಿಗೆ ಸೇರಿದವು. 1923ರಲ್ಲಿ ಲಾರ್ಡ್ ಕಿಲ್ಸಂಟ್ ಆದರು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಲೇಬೇಕು. ಮಾರ್ಚ್ ತಿಂಗಳ ಕರೆಂಟ್ ಉರಿಸಿದ್ದೇವೆ, ಬಿಲ್ ಏಪ್ರಿಲ್‌ನಲ್ಲಿ ಬರುತ್ತದೆ. ಯಾರಿಗೆ, ಹೆಚ್ಚುಕಡಿಮೆ ಎಷ್ಟು ಕೊಡಬೇಕು ಎಂಬುದು ಗೊತ್ತು. ಅದನ್ನು ಮಾರ್ಚ್ ಲೆಕ್ಕದಲ್ಲೇ ಬರೆದರೆ ಅದು ಅಕ್ರೂಯಲ್. ಪ್ರಾವಿಷನ್ ಹಾಗಲ್ಲ. ಕೊಡಬೇಕಾಗುತ್ತದೆ ಎಂಬುದು ನಿಜ, ಆದರೆ ಎಷ್ಟು, ಯಾವಾಗ ಎಂಬುದು ಅಂದಾಜು. ಅಬ್ಬಾ ಅಕ್ಕನ ಮದುವೆಗೆಂದು ಎತ್ತಿಟ್ಟ ಹಣ ಇವೆರಡೂ ಅಲ್ಲ. ಇನ್ನೂ ಯಾರಿಗೂ ಬಾಕಿ ಇಲ್ಲವಲ್ಲ, ಅದು ರಿಸರ್ವ್.

ಮೊದಲ ಮಹಾಯುದ್ಧದಲ್ಲಿ ಹಡಗು ಕಂಪನಿಗಳಿಗೆ ಭಾರೀ ಲಾಭ ಬಂತು. ಆ ಹೆಚ್ಚುವರಿ ಲಾಭದ ಮೇಲೆ ಸರ್ಕಾರ ವಿಶೇಷ ತೆರಿಗೆ ಹಾಕಿತು. ಆದರೆ ಅದು ಕೊನೆಗೆ ಎಷ್ಟು ಎಂದು ತೀರ್ಮಾನವಾಗಲು ವರ್ಷಗಳೇ ಹಿಡಿದವು. ಹಾಗಾಗಿ ರಾಯಲ್ ಮೇಲ್ ದೊಡ್ಡ ಪ್ರಾವಿಷನ್ ಇಟ್ಟಿತು. ಅದರಲ್ಲಿ ತಪ್ಪಿಲ್ಲ. ಲೆಕ್ಕ ತೀರಿದಾಗ ಅಷ್ಟು ಹಣ ಬೇಕಾಗಲಿಲ್ಲ, ಬಹಳಷ್ಟು ಉಳಿಯಿತು. ಆ ಹೊತ್ತಿಗೆ ವ್ಯಾಪಾರ ಬಿದ್ದುಹೋಗಿತ್ತು. ಉಳಿದ ಹಣವನ್ನು ವರ್ಷ ವರ್ಷ ಸದ್ದಿಲ್ಲದೆ ಲಾಭ ನಷ್ಟ ಖಾತೆಗೆ ತಂದರು. ನಷ್ಟದ ವರ್ಷವೂ ಲಾಭದ್ದಾಗಿ ಕಂಡಿತು, ಶೇರುದಾರರಿಗೆ ಡಿವಿಡೆಂಡ್ ಸಿಕ್ಕಿತು. ಲೆಕ್ಕಪತ್ರದಲ್ಲಿ ಇದ್ದ ಸುಳಿವು, ತೆರಿಗೆ ಮೀಸಲನ್ನು ಸರಿಹೊಂದಿಸಿದೆ ಎಂಬರ್ಥದ ಎರಡು ಮೂರು ಪದ ಮಾತ್ರ.

1928ರಲ್ಲಿ 20 ಲಕ್ಷ ಪೌಂಡಿನ ಡಿಬೆಂಚರ್‌ಗೆ ಪ್ರಾಸ್ಪೆಕ್ಟಸ್ ಹೊರಡಿಸಿದರು. ಅದರಲ್ಲಿ ಹತ್ತು ವರ್ಷದ ಸರಾಸರಿ ಲಾಭ ತೋರಿಸಿದರು. ಅಂಕಿ ಸುಳ್ಳಲ್ಲ. ಆದರೆ ಮೊದಲ ಟೆಸ್ಟುಗಳಲ್ಲಿ ತೊಂಬತ್ತು ಪಡೆದು ಈಗ ಫೇಲಾಗುತ್ತಿರುವವನು ಮನೆಯಲ್ಲಿ ಬರೀ ಸರಾಸರಿ ತೋರಿಸಿದ ಹಾಗೆ!

1931ರ ಜುಲೈನಲ್ಲಿ ಲಂಡನ್ನಿನ ಓಲ್ಡ್ ಬೇಲಿಯಲ್ಲಿ ಕಿಲ್ಸಂಟ್ ಮತ್ತು ಆಡಿಟರ್ ಹೆರಾಲ್ಡ್ ಮೊರ್ಲ್ಯಾಂಡ್ ವಿಚಾರಣೆಗೆ ನಿಂತರು. ಕಿಲ್ಸಂಟ್ ಪರ ವಾದಿಸಿದವರು ಸರ್ ಜಾನ್ ಸೈಮನ್. ನಮ್ಮ ಇತಿಹಾಸ ಪಾಠದ ಸೈಮನ್ ಆಯೋಗದವರೇ! ಲೆಕ್ಕಪತ್ರದ ಆರೋಪದಲ್ಲಿ ಇಬ್ಬರೂ ಬಿಡುಗಡೆಯಾದರು. ಗುಪ್ತ ಮೀಸಲು ಆಗ ದೊಡ್ಡ ಕಂಪನಿಗಳ ಮಾಮೂಲಿ ಪದ್ಧತಿಯಾಗಿತ್ತು, ಹೆಸರಾಂತ ಲೆಕ್ಕಿಗರೇ ಬಂದು ಹಾಗೆಂದು ಸಾಕ್ಷಿ ಹೇಳಿದರು. ಎಲ್ಲರೂ ಮಾಡುತ್ತಾರೆ ಎಂದರೆ ತಪ್ಪು ಸರಿಯಾಗುತ್ತದೆಯೇ? ನನಗಂತೂ ಇದು ಇನ್ನೂ ಒಪ್ಪಿಗೆಯಾಗಿಲ್ಲ. ಪ್ರಾಸ್ಪೆಕ್ಟಸ್ ವಿಷಯದಲ್ಲಿ ಮಾತ್ರ ಕಿಲ್ಸಂಟ್ ತಪ್ಪಿತಸ್ಥರಾದರು. 68ನೇ ವಯಸ್ಸಿನಲ್ಲಿ 12 ತಿಂಗಳ ಜೈಲು ಶಿಕ್ಷೆಯಾಯಿತು. ಮೇಲ್ಮನವಿಯೂ ವಜಾ ಆಯಿತು.

1932ರ ಆಗಸ್ಟ್‌ನಲ್ಲಿ ಅವರು ಹೊರಬಂದಾಗ ಆ ಹಡಗು ಸಾಮ್ರಾಜ್ಯ ಅವರ ಕೈಯಲ್ಲಿರಲಿಲ್ಲ. 1937ರಲ್ಲಿ ವೇಲ್ಸ್‌ನ ಮನೆಯಲ್ಲಿ ತೀರಿಕೊಂಡರು. ಗಂಡುಮಕ್ಕಳಿಲ್ಲದ ಕಾರಣ ಲಾರ್ಡ್ ಪದವಿಯೂ ಅವರೊಂದಿಗೇ ಕೊನೆಯಾಯಿತು. ಪ್ರಾವಿಷನ್ ಮತ್ತು ರಿಸರ್ವ್ ಅನ್ನು ಬೇರೆ ಬೇರೆಯಾಗಿ ತೋರಿಸಬೇಕೆಂಬ ನಿಯಮ ಬ್ರಿಟನ್ನಿನ 1948ರ ಕಂಪನಿ ಕಾಯ್ದೆಯಲ್ಲಿ ಬಂತು. ನಮ್ಮ ದೇಶದ 1956ರ ಕಾಯ್ದೆಯಲ್ಲೂ ಎರಡಕ್ಕೂ ಪ್ರತ್ಯೇಕ ಅರ್ಥ ಬರೆದರು.