ಬರಹವನ್ನೇ ಕಾಯಕವಾಗಿಸಿಕೊಂಡ ನಂಜನಗೂಡು ತಿರುಮಲಾಂಬ

ಮೈಸೂರು ಜಿಲ್ಲೆಯ ನಂಜನಗೂಡು ಕಪಿಲಾ ನದಿಯ ದಡದಲ್ಲಿರುವ ಪ್ರಸಿದ್ಧ ಪುಣ್ಯಕ್ಷೇತ್ರ. ಶ್ರೀಕಂಠೇಶ್ವರನ ಸನ್ನಿಧಿಯನ್ನು ದಾಟಿ ಮುಂದೆ ಹರಿಯುವ ಈ ನದಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ನಾಡಿನ ಹೆಸರನ್ನು ಕನ್ನಡ ಸಾಹಿತ್ಯದಲ್ಲಿ ಉಳಿಸಿದವರಲ್ಲಿ ನಂಜನಗೂಡು ತಿರುಮಲಾಂಬ ಅವರು ಪ್ರಮುಖರು. ಲೇಖಕಿ, ಪ್ರಕಾಶಕಿ ಹಾಗೂ ಪತ್ರಿಕಾ ಸಂಪಾದಕಿಯಾಗಿ ಆಧುನಿಕ ಕನ್ನಡದಲ್ಲಿ ಮಹಿಳೆಯರಿಗೆ ದಾರಿ ತೆರೆದ ಕೀರ್ತಿ ಇವರದು.

ತಿರುಮಲಾಂಬ ಅವರು 1887ರ ಮಾರ್ಚ್ 25ರಂದು ನಂಜನಗೂಡಿನಲ್ಲಿ ಜನಿಸಿದರು. ತಂದೆ ವೆಂಕಟಕೃಷ್ಣ ಅಯ್ಯಂಗಾರ್ ಅವರು ವಕೀಲರಾಗಿದ್ದರು. ಅಂದಿನ ಪದ್ಧತಿಯಂತೆ 10ನೆಯ ವಯಸ್ಸಿನಲ್ಲಿ ವಿವಾಹವಾಯಿತು. 14ನೆಯ ವಯಸ್ಸಿಗೆ ವೈಧವ್ಯ ಒದಗಿತು. ಅಂದಿನ ಸಮಾಜದಲ್ಲಿ ಬಾಲವಿಧವೆಗೆ ಮನೆಯ ಮೂಲೆಯೊಂದೇ ಮೀಸಲಾಗಿತ್ತು. ಆದರೆ ತಂದೆಯವರು ಮಗಳ ಓದಿಗೆ ಬೆಂಬಲವಾಗಿ ನಿಂತರು. ಶಾಲೆಯ ದೀರ್ಘ ವ್ಯಾಸಂಗವಾಗಲಿ ಪದವಿಯಾಗಲಿ ಇಲ್ಲದೆ, ಮನೆಯ ಓದಿನಿಂದಲೇ ಅವರು ಭಾಷೆಯನ್ನು ವಶಪಡಿಸಿಕೊಂಡರು. ತಾವು ಕಲಿತುದನ್ನು ಹೆಣ್ಣುಮಕ್ಕಳಿಗೆ ಕಲಿಸಿದರು.

1913ರಲ್ಲಿ ಅವರು ಸತೀ ಹಿತೈಷಿಣೀ ಗ್ರಂಥಮಾಲೆಯನ್ನು ಆರಂಭಿಸಿ, ಸುಶೀಲೆ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಮುಂದೆ ಕಾದಂಬರಿ, ನಾಟಕ, ಪತ್ತೇದಾರಿ ಕಥೆ, ಪ್ರಬಂಧ ಮುಂತಾದ ಪ್ರಕಾರಗಳಲ್ಲಿ 20ಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು. ಈ ಗ್ರಂಥಮಾಲೆಯಲ್ಲಿ ಇತರರ ಕೃತಿಗಳಿಗೂ ಸ್ಥಾನ ದೊರೆಯಿತು. 1916-17ರ ಅವಧಿಯಲ್ಲಿ ಕರ್ನಾಟಕ ನಂದಿನಿ ಎಂಬ ಮಹಿಳಾ ಮಾಸಪತ್ರಿಕೆಯನ್ನೂ, 1922ರಲ್ಲಿ ಸನ್ಮಾರ್ಗದರ್ಶಿ ಎಂಬ ಪತ್ರಿಕೆಯನ್ನೂ ಹೊರತಂದರು.

ಪತ್ರಿಕೆ ನಡೆಸುವುದು ಕೇವಲ ಸ್ಫೂರ್ತಿಯಿಂದ ಆಗುವ ಕೆಲಸವಲ್ಲ. ಬಂದ ಬರಹಗಳನ್ನು ಆರಿಸಬೇಕು, ತಿದ್ದಬೇಕು, ಕರಡಚ್ಚನ್ನು ನೋಡಬೇಕು, ಲೇಖಕರಿಗೂ ಚಂದಾದಾರರಿಗೂ ಕಾಗದ ಬರೆಯಬೇಕು, ಗೊತ್ತಾದ ವೇಳೆಗೆ ಸಂಚಿಕೆಯನ್ನು ಮುಗಿಸಬೇಕು. ಓದುಗರಲ್ಲಿ ಅನೇಕರು ಆಗತಾನೆ ಅಕ್ಷರ ಕಲಿತ ಗೃಹಿಣಿಯರಾಗಿದ್ದ ಕಾಲದಲ್ಲಿ, ಹೇಳುವ ವಿಷಯ ಅವರಿಗೆ ತಿಳಿಯುವಂತಿರಬೇಕಾದುದು ಅತ್ಯಗತ್ಯವಾಗಿತ್ತು. ಹೊರಗಿನ ಯಾವ ಉದ್ಯೋಗವೂ ದೊರೆಯುವಂತಿಲ್ಲದ ಸ್ಥಿತಿಯಲ್ಲಿ ತಿರುಮಲಾಂಬ ಅವರು ಬರವಣಿಗೆಯ ಕೌಶಲವೊಂದರಿಂದಲೇ ತಮ್ಮ ಕಾರ್ಯಕ್ಷೇತ್ರವನ್ನು ನಿರ್ಮಿಸಿಕೊಂಡರು ಎಂಬುದು ಗಮನಾರ್ಹ.

ನಂತರದ ದಶಕಗಳಲ್ಲಿ ಅವರು ಸಾಹಿತ್ಯರಂಗದಿಂದ ದೂರ ಸರಿದರು. ಕನ್ನಡಿಗರು ಅವರನ್ನು ಬಹುಮಟ್ಟಿಗೆ ಮರೆತರು. ಪ್ರಾಧ್ಯಾಪಕಿ ಚಿ.ನ. ಮಂಗಳಾ ಮೊದಲಾದವರ ಪ್ರಯತ್ನದಿಂದ ಅವರ ಸಾಧನೆ ಮತ್ತೆ ಬೆಳಕಿಗೆ ಬಂದಿತು. ತಿರುಮಲಾಂಬ ಅವರು 1982ರಲ್ಲಿ ನಿಧನರಾದರು. ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿಯೊಂದನ್ನು ಸ್ಥಾಪಿಸಲಾಯಿತು.

ಕಚೇರಿಯ ಟಿಪ್ಪಣಿಯಿರಲಿ, ಸಾರ್ವಜನಿಕ ಪ್ರಕಟಣೆಯಿರಲಿ, ಓದುವವರನ್ನು ಮನಸ್ಸಿನಲ್ಲಿಟ್ಟು ಬರೆದ ಮಾತು ಮಾತ್ರ ಕೆಲಸ ಮಾಡುತ್ತದೆ. ಬರವಣಿಗೆಯು ಹುಟ್ಟಿನಿಂದ ಬರುವ ವರವಷ್ಟೇ ಅಲ್ಲ, ಶಿಸ್ತಿನಿಂದ ಗಳಿಸಬಹುದಾದ ವೃತ್ತಿಬಲವೂ ಹೌದು ಎಂಬುದಕ್ಕೆ ನಂಜನಗೂಡಿನ ಈ ಸಾಧಕಿಯ ಜೀವನವೇ ಸಾಕ್ಷಿ.